ಇಲ್ಲ ಅನ್ನದ ಮನೆ

ಕೊಟ್ಟೂರಿನ ಮನೆಗಳಿಗೆ ಕಂಪ್ಯೂಟರ್ ಬರತೊಡಗಿದ ಹೊಸತರಲ್ಲಿ ಜನ ಅದರ ಬಗ್ಗೆ ಮಾತಾಡುತ್ತಿದ್ದದ್ದು ಮನೆಯ ಎಮ್ಮೆಯ ಬಗ್ಗೆಯೋ ತೊಟ್ಟಿಲ ಕೂಸಿನ ಬಗ್ಗೆಯೋ ಮಾತಾಡಿದ ಹಾಗೆ.

"ಹುಲುಗಣ್ಣ, ನಮ್ಮದು ಮುಂಜಾನಿಂದ ಮುಖಾನ ತೋರಿಸವಲ್ದು."

"ನಮ್ಮದು ನಡನಡುವ ನಿದ್ದಿ ಹೋಗ್ತೈತಿ ನೋಡಪ. ಬಡದ್ರ ಏಳ್ತೈತಿ."

ಬಸ್ ಸ್ಟ್ಯಾಂಡಿನ ಹಿಂದಿದ್ದ ನನ್ನ ಅಂಗಡಿಗೆ ಬಂದು, ಸ್ಟೂಲು ಎಳೆದುಕೊಂಡು, ಅರ್ಧ ಬಜಾರಿಗೆ ಕೇಳುವಂತೆ ಹೇಳುತ್ತಿದ್ದರು. ನನಗೂ ಅದೇ ಬೇಕಿತ್ತು. ನಾನು ರೇಡಿಯೊ, ಟಿ.ವಿ. ಬಿಚ್ಚುತ್ತಾ ಬಿಚ್ಚುತ್ತಾ ಕಂಪ್ಯೂಟರಿಗೆ ಬಂದವನು, ಯಾವ ಕಾಲೇಜಿನ ಮೆಟ್ಟಿಲೂ ಹತ್ತಿದವನಲ್ಲ. ಯಂತ್ರಕ್ಕೆ ಏನಾಗಿದೆ ಎಂದು ತಿಳಿಯಬೇಕಾದರೆ ಮೊದಲು ಆ ಮನೆಯವರ ಮಾತನ್ನು ಪೂರ್ತಿ ಕೇಳಬೇಕು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಪಾತ್ರೆ ಅಂಗಡಿಯ ಕೊಟ್ರಸ್ವಾಮಿ ಮಾತ್ರ ಹಾಗೆ ಬರಲಿಲ್ಲ. ಸ್ಟೂಲಿನ ಮೇಲೆ ಕೂರಲೂ ಇಲ್ಲ. ಊಟದ ಹೊತ್ತು ಕಳೆದು ಬಜಾರು ತೂಕಡಿಸುತ್ತಿದ್ದಾಗ ಬಂದು, ಬಾಗಿಲಲ್ಲೇ ನಿಂತು, "ಮನಿತನ ಒಂದೀಟು ಬಾ" ಎಂದ.

"ಏನಾಗೇತ್ರಿ ಕೊಟ್ರಣ್ಣ?"

"ಬಾ ಅಂದ್ರ ಬಾ. ನಡು ಬಜಾರದಾಗ ಹೇಳೋದಲ್ಲ."

ದಾರಿಯಲ್ಲಿ ಹೇಳಿದ. ಹಿಂದಿನ ದಿನ ದಾವಣಗೆರೆಯಿಂದ ಸ್ಟೀಲು ಪಾತ್ರೆಯ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಮನೆಗೆ ಊಟಕ್ಕೆ ಬಂದಿದ್ದರು. ಊಟ ಆದಮೇಲೆ, ನಮ್ಮ ಮನೆಯಲ್ಲೂ ಇದೆ ನೋಡಿ ಎಂದು ಇವನು ಹೆಮ್ಮೆಯಿಂದ ಕಂಪ್ಯೂಟರ್ ಹಚ್ಚಿದ್ದಾನೆ. ಫೋನಿನ ತಂತಿಯಲ್ಲಿ ಇಂಟರ್‌ನೆಟ್ ಕಿರುಗುಟ್ಟಿ ಬಂದದ್ದೇ ತಡ, ಪರದೆಯ ತುಂಬ ಒಬ್ಬಳು ಹುಡುಗಿ. ಮೈಮೇಲೆ ಕರವಸ್ತ್ರದಷ್ಟು ಬಟ್ಟೆ.

"ಒಂದು ಮುಚ್ಚಿದ್ರ ಎಲ್ಡು ಬಂದ್ವು. ಎಲ್ಡು ಮುಚ್ಚಿದ್ರ ಮತ್ತ ನಾಕು. ಕಡೀಕ ಕರೆಂಟಿನ ವೈರ್ ಕಿತ್ತು ಒಗದೆ. ಅವರು 'ಇರ್ಲಿ ಬಿಡ್ರಿ, ವಯಸ್ಸು' ಅಂತ ನಕ್ಕು ಹೋದ್ರು. ನನ್ನ ವಯಸ್ಸಂತ!"

ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

"ನಗಬ್ಯಾಡ ಹುಲುಗಣ್ಣ. ಮನಿಯಾಗ ಅದನ್ನ ಮುಟ್ಟೋರು ಇಬ್ಬರ. ನಾನು ಮುಂಜಾನಿಂದ ಅಂಗಡ್ಯಾಗ ಇರ್ತೀನಿ. ಉಳದಾಕಿ ಯಾರು?"

ಉಳಿದವಳು ಅವನ ಹೆಂಡತಿ ಸುಕನ್ಯಾ. ಬಿ.ಎ. ಮುಗಿಸಿ ಬಂದ ಹುಡುಗಿ. ಮನೆಯಲ್ಲೇ ಕೂತು ಎಂ.ಎ. ಕಟ್ಟಿದ್ದಳು. ಕಂಪ್ಯೂಟರ್ ತಂದದ್ದೂ ಅವಳ ಓದಿಗೆಂದೇ.

"ತಂಗ್ಯಾರು ಏನಂತಾರ?" ಎಂದು ಕೇಳಿದೆ.

"ಏನೂ ಅನ್ನಂಗಿಲ್ಲ. ನಾನಲ್ಲ ಅಂತಾಳ, ಮತ್ಯಾರು ಅಂದ್ರ ಸುಮ್ನ ನಿಂತಕಂತಾಳ. ಏನರ ಹೇಳಿದ್ರ ನಂಬಬಹುದು, ಜಗಳ ಆಡಿದ್ರ ಆಡಬಹುದು. ಸುಮ್ನಿದ್ರ ಏನು ತಿಳಕಬೇಕು? ಅದಕ್ಕ ಚಿಗಟೇರಿಗೆ ಫೋನ್ ಹಚ್ಚಿ ಅವರಪ್ಪಗ ಬಾ ಅಂದೀನಿ. ಸಂಜಿ ಬಸ್ಸಿಗೆ ಬರ್ತಾನ. ಅವನ ಮುಂದ ಏನು ಹೇಳ್ಬೇಕು ಅನ್ನೋದು ನಿನ್ನ ಕೈಯಾಗ ಐತಿ. ಯಾರು ನೋಡ್ಯಾರ, ಏನು ನೋಡ್ಯಾರ, ತಗದು ಹೇಳು."

ರಿಪೇರಿ ಮಾಡು ಎಂದರೆ ಮಾಡಿಯೇನು. ಸಾಕ್ಷಿ ಹೇಳು ಎಂದು ಕರೆದೊಯ್ಯುತ್ತಿದ್ದಾನೆ ಎಂದು ತಿಳಿದಾಗ ನನ್ನ ಹೆಜ್ಜೆ ಭಾರವಾಯಿತು. ಹೆಣ್ಣುಮಗಳೊಬ್ಬಳ ತಂದೆ ಬಸ್ಸಿನಲ್ಲಿ ಕೂತು ಬರುತ್ತಿದ್ದಾನೆ, ಅವನಿಗೆ ಹೇಳುವ ಮಾತು ನನ್ನ ಸ್ಕ್ರೂಡ್ರೈವರಿನ ತುದಿಯಲ್ಲಿದೆ.

ಪಡಸಾಲೆಯಲ್ಲಿ ಕೊಟ್ರಸ್ವಾಮಿಯ ತಾಯಿ ಕೊಟ್ರಬಸಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಾಲು ಚಾಚಿ ಕೂತಿದ್ದರು, ಮೊಣಕಾಲು ಮಡಚಲು ಬರುತ್ತಿರಲಿಲ್ಲ.

"ಬಾರಪ್ಪ ಹುಲುಗಣ್ಣ. ಅದಕ್ಕ ಏನೋ ಆಗೇತಂತಲ್ಲ, ನಿನ್ನಿಯಿಂದ ಕ್ವಾಣಿಗೆ ಬೀಗ ಹಾಕ್ಯಾನ. ನಾನು ಉದಿನಕಡ್ಡಿ ಸೈತ ಬೆಳಗಿಲ್ಲ."

"ಏನಿಲ್ರೀ ಅವ್ವಾರ, ನೋಡ್ತೀನಿ."

"ಲಗೂನ ನೋಡಪ್ಪ. ಬೀಗರು ಬರ್ತಾರಂತ, ಮಗ ಹೇಳ್ದ. ಯಾಕ ಬರ್ತಾರ ಅಂದ್ರ ಇವ ಬಾಯಿ ಬಿಡವಲ್ಲ. ನಾನು ಹೋಳಿಗಿಗೆ ಬ್ಯಾಳಿ ಹಾಕ್ಲಿ ಬ್ಯಾಡೋ ಅಂತ ತಿಳೀವಲ್ದು."

ಕೊಟ್ರಸ್ವಾಮಿ ನನ್ನ ಕಿವಿಯ ಹತ್ತಿರ, "ಅವ್ವಗ ಇದೇನೂ ಗೊತ್ತಿಲ್ಲ, ಆಕಿ ಮುಂದ ಆಡೋ ಮಾತಲ್ಲ" ಎಂದು ಪಿಸುಗುಟ್ಟಿ ಬೀಗ ತೆಗೆದ.

ಮಾನಿಟರಿನ ಹಣೆಗೆ ವಿಭೂತಿ ಎಳೆದಿತ್ತು. ಮೇಲೆ ಕ್ರೋಶಾ ಹಾಕಿದ ಬಿಳಿ ಹೊದಿಕೆ. ಹೊದಿಕೆ ತೆಗೆದು, ಕರೆಂಟಿನ ವೈರ್ ಸಿಕ್ಕಿಸಿ ಹಚ್ಚಿದೆ. ಪರದೆ ಬೆಳಗಿ ಮುಗಿಯುವುದರೊಳಗೆ ನನಗೆ ಅರ್ಥವಾಯಿತು. ಇಂಟರ್‌ನೆಟ್ ತೆರೆದರೆ ಮೇಲ್ಗಡೆ ಪಟ್ಟಿಯ ಮೇಲೆ ಪಟ್ಟಿ, ಅಟ್ಟದ ಮೇಲೆ ಅಟ್ಟ ಕಟ್ಟಿದ ಹಾಗೆ. ಓದಲು ಉಳಿದ ಜಾಗ ಅಂಗೈಯಷ್ಟು. ಬಹುಮಾನ ಬಂದಿದೆ ಎನ್ನುವ ಪೆಟ್ಟಿಗೆ, ಹೊಟ್ಟೆ ಕರಗಿಸುವ ಪೆಟ್ಟಿಗೆ, ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ ಎಂದು ಹೆದರಿಸುವ ಪೆಟ್ಟಿಗೆ, ಅವುಗಳ ನಡುವೆ ಆ ಹುಡುಗಿ. ಮೊದಲು ಫೋನಿನ ತಂತಿ ಕಿತ್ತು ಪಕ್ಕಕ್ಕಿಟ್ಟೆ. ಹೊರಗಿನಿಂದ ಹೊಸಬರು ಬರುವುದು ನಿಂತರೆ ಒಳಗಿದ್ದವರನ್ನು ನೋಡಿಕೊಳ್ಳಬಹುದು.

"ಕೊಟ್ರಣ್ಣ, ಇದು ಯಾರೂ ನೋಡಿದ್ದಲ್ರಿ. ಆಡ್‌ವೇರ್ ಅಂತಾರ ಇದಕ್ಕ. ಜಾಹೀರಾತು ತೋರ್ಸಾಕಂತನ ಒಳಗ ಬಂದು ಕುಂದ್ರೋ ಪ್ರೋಗ್ರಾಮು. ನೀವು ದೇವರ ಹಾಡು ಹುಡುಕಿದ್ರೂ ಅದು ತನ್ನ ಹುಡುಗೀನ ತೋರಿಸ್ತೈತಿ."

"ಸುಳ್ಳು. ಕರೀಲಾರ್ದ ಯಾರರ ಮನಿಯೊಳಗ ಬರ್ತಾರೇನು?"

"ಕರೀಬೇಕಂತಿಲ್ರಿ. ಬಾಗಲಾಗ ನಿಂತು, ಒಳಗ ಬರ್ಲೇನು ಅಂತ ಇಂಗ್ಲೀಷಿನಾಗ ಕೇಳ್ತಾವ. ಯಾರರ ಹೂಂ ಅಂದ್ರ ಮುಗೀತು."

ಆ ಕೊನೆಯ ಮಾತು ನಾನು ಆಡಬಾರದಿತ್ತು.

"ಹಂಗಾದ್ರ ಯಾರೋ ಹೂಂ ಅಂದಾರ" ಎಂದ ಕೊಟ್ರಸ್ವಾಮಿ.

"ಅದು... ತಿಳೀದ ಅಂದಿರಬಹುದು."

"ತಿಳೀದ? ಎಂ.ಎ. ಓದಾಕಿಗೆ ಇಂಗ್ಲೀಷು ತಿಳಿಯಂಗಿಲ್ಲೇನು?"

ಬಾಗಿಲಲ್ಲಿ ಲೋಟಗಳು ತಟ್ಟೆಗೆ ತಾಗಿದ ಸದ್ದಾಯಿತು. ಸುಕನ್ಯಾ ಚಹಾ ಹಿಡಿದು ನಿಂತಿದ್ದಳು. ಕಣ್ಣು ಊದಿದ್ದವು. ನನ್ನ ಮಾತು ಕೇಳಿದ್ದಳು ಎಂದು ಅವಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಅವಳು ಒಮ್ಮೆ ಪರದೆಯನ್ನು ನೋಡಿದಳು, ಒಮ್ಮೆ ತಿರುಗಿ ಪಡಸಾಲೆಯ ಕಡೆ ನೋಡಿದಳು. ಅಲ್ಲಿ ಮೊರದ ಸದ್ದು ಸರಸರ ಕೇಳುತ್ತಿತ್ತು. ಏನೋ ಲೆಕ್ಕ ಹೊಂದಿಸಿಕೊಂಡವಳ ಹಾಗೆ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ನಾನ ಅಂದಿರಬೇಕು ಬಿಡ್ರಿ ಅಣ್ಣಾರ" ಎಂದಳು ನನಗೆ. ಗಂಡನ ಕಡೆ ನೋಡದೆ ಒಳಗೆ ಹೋದಳು.

ಕೊಟ್ರಸ್ವಾಮಿ ಗೆದ್ದವನ ಹಾಗೆ ಏನೂ ಕಾಣಲಿಲ್ಲ. ಗಾಳಿ ಬಿಟ್ಟ ಟೈರಿನ ಹಾಗೆ ಕುರ್ಚಿಯಲ್ಲಿ ಕುಸಿದ. "ನಿನ್ನಿಯಿಂದ ನಾನಲ್ಲ ಅಂದಾಕಿ ಈಗ ನಾನ ಅಂತಾಳಲ್ಲೋ" ಎಂದ. ಆ ಚಹಾ ಯಾರೂ ಕುಡಿಯಲಿಲ್ಲ.

ನಾನು ಸುಮ್ಮನೆ ಕೆಲಸಕ್ಕೆ ಕೈ ಹಾಕಿದೆ. ಕಂಪ್ಯೂಟರನ್ನು ಮತ್ತೆ ಹಚ್ಚುವಾಗ ಬೇಕಾದಷ್ಟೇ ಎಚ್ಚರವಾಗಿ ಉಳಿದದ್ದು ಮಲಗಿರುವಂತೆ ಮಾಡುವ ಒಂದು ಉಪಾಯವಿದೆ, ಸೇಫ್ ಮೋಡ್ ಎನ್ನುತ್ತೇವೆ. ಆ ಹೊತ್ತಿನಲ್ಲಿ ಈ ಬೀದಿ ಬಸವಗಳಿಗೂ ಶಕ್ತಿ ಇರುವುದಿಲ್ಲ. ಪ್ರೋಗ್ರಾಮುಗಳ ಯಾದಿ ತೆಗೆದು, ನಾವು ಹಾಕದೇ ಬಂದವನ್ನೆಲ್ಲ ಒಂದೊಂದಾಗಿ ತೆಗೆದೆ. ಕೆಲವು ಹೋಗುವಾಗಲೂ, "ನಿಜವಾಗಿ ತೆಗೀತೀರಾ? ನಮ್ಮಿಂದ ಏನು ತಪ್ಪಾಯಿತು?" ಎಂದು ಅಳುಮುಖ ಮಾಡುತ್ತವೆ. ಯಂತ್ರ ಏಳುವಾಗಲೇ ಜೊತೆಗೆ ಎದ್ದು ಕೂರುವವನ್ನು ತಡೆದೆ. ಇಂಟರ್‌ನೆಟ್ಟಿನ ಮೊದಲ ಪುಟವನ್ನು ಅವು ತಮ್ಮ ಹೆಸರಿಗೆ ಬರೆದುಕೊಂಡಿದ್ದವು, ಅದನ್ನು ಬಿಡಿಸಿದೆ. ಕೊನೆಗೆ ನನ್ನ ಚೀಲದ ಸಿ.ಡಿ. ಹಾಕಿ, ಮೂಲೆ ಮೂಲೆ ಹುಡುಕಿ ಗುಡಿಸುವ ಪ್ರೋಗ್ರಾಮನ್ನು ಓಡಲು ಬಿಟ್ಟೆ. ಅದು ನಿಧಾನದ ಕೆಲಸ.

ಕೈ ಓಡುತ್ತಿದ್ದರೂ ತಲೆಯಲ್ಲಿ ಸುಕನ್ಯಾಳ ಮಾತೇ. ಓದಿದ ಹುಡುಗಿ ಒಂದೆರಡು ಪೆಟ್ಟಿಗೆಗೆ ಮರೆತು ಹೂಂ ಅಂದಾಳು. ಇಲ್ಲಿ ಬಂದು ಕೇಳಿದ ಯಾರನ್ನೂ ಬರಿಗೈಯಲ್ಲಿ ಕಳಿಸಿದ ಗುರುತೇ ಇರಲಿಲ್ಲ. ಇಷ್ಟು ಧಾರಾಳ ಅವಳದ್ದಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅವಳೇ ಒಪ್ಪಿಕೊಂಡ ಮೇಲೆ ನಾನು ಯಾರು ಅಲ್ಲ ಎನ್ನಲು?

ಗುಡಿಸುವುದು ಮುಗಿದಾಗ ಬೆಳಕು ಕಂದುತ್ತಿತ್ತು. ಯಂತ್ರವನ್ನು ಎಂದಿನ ಹಾಗೆ ಎಬ್ಬಿಸಿ ಫೋನಿನ ತಂತಿ ಮತ್ತೆ ಸಿಕ್ಕಿಸಿದೆ. ಹುಡುಗಿ ಬರಲಿಲ್ಲ. ಪರದೆಯ ಮೂಲೆಯಲ್ಲಿ ಕೇದಾರದ ಗುಡಿಯ ಪುಟ್ಟ ಚಿತ್ರವೊಂದಿತ್ತು. ಯಾವುದೋ ತಾಣಕ್ಕೆ ಹೋಗುವ ಗುರುತು. ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು ಒತ್ತಿದೆ. ಹಿಮದ ಬೆಟ್ಟ, ಗುಡಿ, ನಿಧಾನಕ್ಕೆ ಮೇಲಿನಿಂದ ಕೆಳಗೆ ಬಿಡಿಸಿಕೊಂಡು ಬಂತು. ಅದರ ಮೇಲೆ ಟಣ್ ಎಂದು ಒಂದು ಪೆಟ್ಟಿಗೆ. ಗುಡಿಯ ಗಂಟೆಯ ಸದ್ದು ಪುಕ್ಕಟೆ ಕೊಡುತ್ತೇವೆ, ಹಾಕಲೇ? ಹೌದು, ಇಲ್ಲ.

ಮೌಸಿನ ಬಾಣವನ್ನು 'ಇಲ್ಲ'ದ ಕಡೆಗೆ ಒಯ್ದೆ.

"ಅಯ್ಯ ತಮ್ಮಾ, ತಡಿ ತಡಿ!"

ಕೊಟ್ರಬಸಮ್ಮ ಉದಿನಕಡ್ಡಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ದೀಪಾ ಹಚ್ಚೋ ಹೊತ್ತಿನಾಗ ಇಲ್ಲ ಅಂತೀಯಲ್ಲೋ. ಅದೂ ಕೇದಾರಸ್ವಾಮಿ ಬಾಗಲಾಗ! ಹೂಂ ಅನ್ನಪ್ಪ. ಎಡಕಿಂದು ಒತ್ತು."

ಕೊಟ್ರಸ್ವಾಮಿ ತಲೆ ಎತ್ತಿದ. "ಅವ್ವಾ, ಎಡಕಿಂದು ಹೂಂ ಅನ್ನೋದು ನಿನಗೆಂಗ ಗೊತ್ತು?"

"ಗೊತ್ತಿಲ್ಲೇನು? ದಿನಾ ಮಧ್ಯಾಹ್ನ ಬಂದು ಕೇಳ್ತೈತಿ ಅದು. ಎಡಕಿಂದು ಹೂಂ, ಬಲಕಿಂದು ಇಲ್ಲ. ಸುಕನ್ಯಾ ಹೇಳಿಕೊಟ್ಟಾಳ."

"ದಿನಾ ಮಧ್ಯಾಹ್ನ?"

ಮುದುಕಿ ನಾಲಿಗೆ ಕಚ್ಚಿಕೊಂಡರು. ಆಮೇಲೆ, ಬಾಯಿಗೆ ಬಂದದ್ದು ಬಂತು ಎಂಬಂತೆ ಕಡ್ಡಿಯನ್ನು ಮಾನಿಟರಿಗೆ ಒಂದು ಸುತ್ತು ಬೆಳಗಿ, ಮಂಚದ ತುದಿಯಲ್ಲಿ ಕೂತರು.

"ನೀ ಅದನ್ನ ಮುಟ್ಟಬ್ಯಾಡವ್ವ, ಕೆಡತೈತಿ ಅಂದಿದ್ದಿಯಲ್ಲ, ಅದಕ್ಕ ನಿನಗ ಹೇಳಿಲ್ಲ. ಈ ಕಾಲು ಹೊತ್ತು ನಾನು ಕೇದಾರಕ್ಕ ಹೋಗೋದು ಯಾವಾಗ? ಆಕಿ ಮಲ್ಲಿಗಿ ಮನಸ್ಸಿನಾಕಿ, ಇಲ್ಲೇ ತೋರಿಸ್ತೀನಿ ಬರ್ರಿ ಅತ್ತಿ ಅಂದ್ಲು. ಆಕಿ ಅತ್ಲಾಗ ಓಣಿ ಹುಡುಗರಿಗೆ ಪಾಠ ಹೇಳಾಕ ಹೋದಾಗ ನಾನು ಒಬ್ಬಾಕಿ ಕುಂತು ದರ್ಶನ ಮಾಡ್ತೀನಿ. ಅವರು ಪುಕ್ಕಟ ಚಿತ್ರ ಕೊಡ್ತಾರ, ಅದರ ಕೂಡ ಏನೋ ಒಂದು ಕೇಳ್ತಾರ. ದೇವರನ್ನ ತೋರಿಸಿದೋರಿಗೆ ಬಾಯಿ ಬಿಟ್ಟು ಇಲ್ಲ ಅಂತ ಹೆಂಗನ್ಲಿ? ನಮ್ಮ ಮನ್ಯಾಗ ಅಕ್ಕಿ ತೀರಿದ್ರ ಹೆಚ್ಚಾಗ್ಯಾವ ಅಂತೀವೇ ಹೊರತು ಇಲ್ಲ ಅಂದೀವೇನು?"

"ಹಂಗಾದ್ರ ಎಲ್ಲಾದಕ್ಕೂ..."

"ಎಲ್ಲಾದಕ್ಕೂ ಹೂಂ ಅಂದೀನಿ."

ಬಾಗಿಲಿನ ಮರೆಯಿಂದ ಸುಕನ್ಯಾ, "ಅತ್ತೀ..." ಎಂದಳು, ತಡೆಯುವವಳ ಹಾಗೆ.

ನಾನೇ ಮೆಲ್ಲಗೆ ಹೇಳಿದೆ. "ಅವ್ವಾರ, ನೀವು ದೇವರ ಮಂದಿ ಅಂತ ಒಳಗ ಕರದೋರು ದೇವರ ಮಂದಿ ಅಲ್ರಿ. ಒಬ್ಬಗ ಹೂಂ ಅಂದ್ರ ಅವ ತನ್ನ ಬಳಗಾನೆಲ್ಲ ಕರಕಂಡು ಬರ್ತಾನ. ಬಂದೋರು ಏನೇನೋ ಚಿತ್ರ ತೋರಿಸ್ತಾರ."

ಕೊಟ್ರಬಸಮ್ಮ ಉದಿನಕಡ್ಡಿಯ ಬೂದಿ ಕೊಡವಿದರು.

"ಆ ಅರಿಬಿ ಕಮ್ಮಿ ಇದ್ದ ಹುಡುಗಿ, ಆಕೀನೂ ಅವರ ಬಳಗಾನ?"

"ಅವ್ವಾ! ನೀ ಅದನ್ನೂ ನೋಡೀಯೇನು?"

"ಕಣ್ಣು ಐತಲ್ಲೋ ನನಗ. ನಾಕು ದಿನ ಆತು, ನಡನಡುವ ಬಂದು ನಿಂದರ್ತಿತ್ತು. ಯಾರ ಕೂಸೋ ಪಾಪ, ಮೈಮ್ಯಾಲ ನೆಟ್ಟಗ ಅರಿಬಿ ಇಲ್ಲ ಅಂದಕಂಡು ಸುಮ್ನಾದೆ. ಸೀರಿ ಕೊಡಾಕ ಬರ್ತಿದ್ರ ಕೊಡ್ತಿದ್ದೆ."

ಬಾಗಿಲ ಮರೆಯಲ್ಲಿ ಸುಕನ್ಯಾಗೆ ನಗು ಒಡೆಯಿತು. ಅದು ಬರಬರುತ್ತಾ ಅಳುವಾಯಿತು. ಮುದುಕಿ ಅವಳನ್ನು ನೋಡಿದರು, ಮಗನನ್ನು ನೋಡಿದರು. ಬೀಗ, ಬೀಗರು, ಬೇಳೆ ಹಾಕದೇ ಉಳಿದ ಹೋಳಿಗೆ, ಎಲ್ಲ ಒಂದಕ್ಕೊಂದು ಕೂಡಿಕೊಂಡದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

"ಏನಲೇ ಕೊಟ್ರಾ, ಇದಕ್ಕೇನು ಬೀಗರು ಗುರುಸಂಗಪ್ಪನೋರಿಗೆ ಫೋನ್ ಹಚ್ಚಿದ್ದು? ಈ ಕೂಸಿನ ಮ್ಯಾಲ ಹೊರಿಸಿದೇನು?"

ಕೊಟ್ರಸ್ವಾಮಿ ಹೆಂಡತಿಯ ಕಡೆ ತಿರುಗಿ, "ನೀ ಯಾಕ ಹೇಳಲಿಲ್ಲ?" ಎಂದ.

"ನಿನ್ನಿ ನನಗೂ ತಿಳೀಲಿಲ್ರಿ. ಹೂಂ ಅಂದೋರು ಇರಬೇಕು ಅಂತ ಅಣ್ಣಾರು ಹೇಳಿದಾಗ ತಿಳೀತು. ತಿಳದ ಮ್ಯಾಲ ಏನಂತ ಹೇಳ್ಲಿ? ಆ ಚಿತ್ರದ ಮುಂದ ನಿಮ್ಮ ಅವ್ವನ ಹೆಸರು ಇಡ್ಲೇನು? ಅದು ನನ್ನ ಬಾಯಿಂದ ಬರೋ ಮಾತಾ?"

ಕೊಟ್ರಬಸಮ್ಮ ಎದ್ದು, ಕಾಲೆಳೆಯುತ್ತಾ ಹೋಗಿ ಸೊಸೆಯ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನನ್ನ ಕೇದಾರ ಹೋತೇನಪ್ಪ?" ಎಂದರು.

"ಹೋಗಿಲ್ರೀ ಅವ್ವಾರ. ಚಿತ್ರ ಸಿಗೋ ಬ್ಯಾರೆ ಚೊಲೋ ತಾಣ ಹಾಕಿಕೊಡ್ತೀನಿ. ಆದ್ರ ಕೇಳೋರು ಎಲ್ಲ್ಯಾದ್ರೂ ಬಂದ ಬರ್ತಾರ. ನೀವು ಇಲ್ಲ ಅನ್ನಾಕ ಕಲೀಬೇಕು."

"ಅದು ನನ್ನಿಂದ ಆಗಂಗಿಲ್ಲ."

"ಬರೇ ಒಂದು ಗುಂಡಿ ಒತ್ತೋದ್ರಿ."

"ಗುಂಡಿ ನಿನಗ. ನನಗ ಅದು ಮಾತು. ಅರವತ್ತು ವರ್ಷ ಆಡಲಾರದ್ದು ಈಗ ಆಡ್ಲೇನು?"

ನನ್ನ ವಿದ್ಯೆ ಅಲ್ಲಿಗೆ ತೀರಿತು. ಮೂಗು ಒರೆಸಿಕೊಂಡು ಮುಂದೆ ಬಂದವಳು ಸುಕನ್ಯಾ.

"ಅತ್ತಿ, ಬಾಗಲಿಗೆ ಯಾರರ ಭಿಕ್ಷಾಕ್ಕ ಬರ್ತಾರ. ನಿಮ್ಮ ಕೈ ತೆರಪಿರಂಗಿಲ್ಲ. ಆವಾಗ ಏನಂತೀರಿ?"

"ಮುಂದಕ ಹೋಗಪ್ಪ ಅಂತೀನಿ."

"ಅದು ಇಲ್ಲ ಅಂದಂಗೇನು?"

"ಛೆ ಛೆ. ಇಲ್ಲ ಅನ್ನೋದು ಬ್ಯಾರೆ. ಅವ ಮುಂದಿನ ಮನಿಗೆ ಹೋಗ್ತಾನ, ಅಲ್ಲಿ ಸಿಕ್ಕತೈತಿ."

ಸುಕನ್ಯಾ ನನ್ನ ಮುಖ ನೋಡಿದಳು. ನನಗೆ ಹೊಳೆಯಿತು. ಪೆಟ್ಟಿಗೆಗೆ ಹೌದು ಅನ್ನಬೇಕಿಲ್ಲ, ಇಲ್ಲ ಅನ್ನಲೂಬೇಕಿಲ್ಲ. ಎಷ್ಟೋ ಪೆಟ್ಟಿಗೆಗಳಲ್ಲಿ ಇಲ್ಲ ಎನ್ನುವ ಗುಂಡಿಯೇ ಮೋಸದ್ದು, ಅದನ್ನೊತ್ತಿದರೂ ಒಳಗೆ ಬರುತ್ತವೆ. ಯಾವ ಗುಂಡಿಯನ್ನೂ ಮುಟ್ಟದೆ ಕಳಿಸುವುದೇ ಕ್ಷೇಮ. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಡಗೈ ಹೆಬ್ಬೆರಳನ್ನು ಆಲ್ಟ್ ಎಂಬ ಕೀಲಿಯ ಮೇಲಿಟ್ಟು, ಬಲಗೈ ಬೆರಳನ್ನು ಮೇಲಿನ ಸಾಲಿನ ಎಫ್ ನಾಲ್ಕರ ಮೇಲಿಡಿಸಿದೆ.

"ಇದನ್ನ ಹಿಡಕಂಡು ಅದನ್ನ ಒತ್ರಿ. ಮುಂದಕ ಹೋಗಪ್ಪ ಅಂದಂಗ."

"ಮುಂದಕ ಹೋಗಪ್ಪ" ಎಂದು ಬಾಯಲ್ಲೂ ಹೇಳಿ ಒತ್ತಿದರು. ಗಂಟೆಯ ಪೆಟ್ಟಿಗೆ ಮಾಯವಾಯಿತು. ಹಿಂದೆ ಕೇದಾರ ಹಾಗೇ ನಿಂತಿತ್ತು. "ಸಿಟ್ಟಾಗಲಿಲ್ಲ ನೋಡು!" ಎಂದು ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕರು.

"ಇನ್ನೊಮ್ಮೆ ಒತ್ತಬ್ಯಾಡ್ರಿ, ಸ್ವಾಮೀನ ಹೋಗಿಬಿಡ್ತಾನ" ಎಂದೆ.

ಅಷ್ಟರಿಂದಲೇ ಸಾಲದು. ಒಂದೇ ಯಂತ್ರದಲ್ಲಿ ಇಬ್ಬರಿಗೆ ಬೇರೆ ಬೇರೆ ಬಾಗಿಲು ಮಾಡಿದೆ. ಕೊಟ್ರಬಸಮ್ಮನ ಬಾಗಿಲಿನಿಂದ ಬಂದರೆ, ಕೈತಪ್ಪಿ ಹೂಂ ಅಂದರೂ ಹೊಸ ಪ್ರೋಗ್ರಾಮು ಒಳಗೆ ಕೂರುವ ಹಾಗಿಲ್ಲ. ಹೊಸದನ್ನು ಹಾಕುವ ಅಧಿಕಾರ ಇನ್ನೊಂದು ಬಾಗಿಲಿಗೆ ಮಾತ್ರ. ಅದಕ್ಕೆ ಗುಟ್ಟಿನ ಪದ ಬೇಕು.

"ಯಾರ ಹೆಸರಿಗೆ ಮಾಡ್ಲಿ?" ಎಂದು ಕೇಳಿದೆ.

"ಆಕಿ ಹೆಸರಿಗೆ" ಎಂದ ಕೊಟ್ರಸ್ವಾಮಿ. ಸುಕನ್ಯಾ ಕೀಲಿಮಣೆಯ ಮುಂದೆ ಕೂತಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಅವಳು ಬರೆದು ಮುಗಿಸಿ, "ಆತ್ರಿ" ಎಂದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಗುರುಸಂಗಪ್ಪ ಬಂದಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಸಿ ಶೇಂಗಾದ ಚೀಲ. ನೀರು ಕೊಟ್ಟರೆ ಕಾಲಿಗೆ ಹಾಕಿಕೊಳ್ಳದೆ ಚೊಂಬು ಹಿಡಿದೇ ಮಗಳನ್ನು ಮೇಲಿಂದ ಕೆಳಗೆ ನೋಡಿದರು.

"ಏನಾತ್ರಿ ಅಳಿಯಂದ್ರ? ಕೂಡ್ಲೆ ಬರ್ರಿ ಅಂದ್ರಿ, ಮುಂದ ಏನೂ ಹೇಳ್ದ ಇಟ್ಟಬಿಟ್ರಿ. ಬಸ್ಸಿನಾಗ ಕುಂತು ಏನೇನು ನೆನಸಿದೆ ಅಂದ್ರ... ಕಂಡಕ್ಟರು ಟಿಕೀಟು ಕೇಳಿದ್ರ ನನ್ನ ಮಗಳು ಚೊಲೋ ಅದಾಳೇನಪ್ಪ ಅಂತ ಅವನ್ನ ಕೇಳಿಬಿಟ್ಟೆ."

ಸುಕನ್ಯಾ ಮುಂದೆ ಬಂದು, "ಏನಿಲ್ಲಪ್ಪ, ಅತ್ತಿ ಕಂಪ್ಯೂಟರ್ ಕಲ್ತಾರ. ನೀನೂ ನೋಡ್ಲಿ ಅಂತ ಕರಸ್ಯಾರ" ಎಂದಳು.

ಮುದುಕಿ ಮಗನನ್ನೇ ನೋಡುತ್ತಿದ್ದರು. ಆ ಮಾತಿನ ಮರೆಯಲ್ಲಿ ನಿಂತುಬಿಡಬಹುದಿತ್ತು ಕೊಟ್ರಸ್ವಾಮಿ. ನಿಲ್ಲಲಿಲ್ಲ.

"ಹಂಗಲ್ಲ ಮಾವಾರ. ನಿಮ್ಮ ಮಗಳ ಮ್ಯಾಲ ನಾನು ಸಲ್ಲದ ಅನುಮಾನ ಪಟ್ಟೆ. ದೂರು ಹೇಳ್ಬೇಕಂತ ನಿಮ್ಮನ್ನ ಕರಸಿದೆ. ತಪ್ಪು ನಂದು."

ಗುರುಸಂಗಪ್ಪ ಚೊಂಬನ್ನು ಕೆಳಗಿಟ್ಟರು. ಏನು ಅನುಮಾನ ಎಂದು ಕೇಳಲಿಲ್ಲ. ಮಗಳ ಊದಿದ ಕಣ್ಣು ನೋಡಿ, "ನಾಕು ದಿನ ಬರ್ತೀಯೇನವ್ವ ಊರಿಗೆ?" ಎಂದರು.

"ಬರ್ತೀನಪ್ಪ" ಎಂದಳು ಸುಕನ್ಯಾ. ಅಷ್ಟು ಸಲೀಸಾಗಿ ಅಂದದ್ದಕ್ಕೆ ಕೊಟ್ರಸ್ವಾಮಿಯ ಮುಖ ಬಿಳಿಚಿತು. ಅವಳು ಅವನ ಕಡೆ ತಿರುಗಿ, "ನಾ ಬರೋದ್ರಾಗ ಆ ಕಂಪ್ಯೂಟರು ಕ್ವಾಣಿ ಬಿಟ್ಟು ಪಡಸಾಲಿಗೆ ಬರ್ಲಿ. ಬೀಗ ಹಾಕೋ ಜಾಗದಾಗ ಇಡೋದು ಬ್ಯಾಡ. ಮಧ್ಯಾಹ್ನ ಅತ್ತಿ ಕೂಡ ನೀವು ಕುಂದರ್ರಿ, ಅವರಿಗೆ ಎಫ್ ನಾಕು ಇನ್ನೂ ಕೈಗೆ ಕುಂತಿಲ್ಲ. ಆಮ್ಯಾಲ ಬಂದು ನನ್ನನ್ನ ಕರಕಂಡು ಹೋಗ್ರಿ. ಫೋನ್ ಹಚ್ಚಬ್ಯಾಡ್ರಿ, ನೀವ ಬರ್ರಿ" ಎಂದಳು.

"ಹೂಂ" ಎಂದ ಕೊಟ್ರಸ್ವಾಮಿ.

"ಬೀಗರ, ಈ ರಾತ್ರಿ ಇರ್ರಿ. ಬ್ಯಾಳಿ ಹಾಕ್ತೀನಿ" ಎಂದು ಕೊಟ್ರಬಸಮ್ಮ ಅಡುಗೆಮನೆಯ ಕಡೆ ಹೊರಟರು. ಕೊಟ್ರಸ್ವಾಮಿ ಮಾನಿಟರನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಅವುಚಿಕೊಂಡ. ನಾನು ತಂತಿಗಳನ್ನು ಎತ್ತಿ ಹಿಡಿದೆ. ಹೊಸ್ತಿಲು ದಾಟುವಾಗ ಅವನು ಮೆಲ್ಲಗೆ ಕೇಳಿದ:

"ಹುಲುಗಣ್ಣ, ಚಿಗಟೇರಿಗೆ ಮುಂಜಾನಿ ಮೊದಲನೇ ಬಸ್ಸು ಎಷ್ಟೊತ್ತಿಗೆ ಐತಿ?"

"ತಂಗ್ಯಾರು ನಾಕು ದಿನ ಅಂದಾರಲ್ರೀ ಕೊಟ್ರಣ್ಣ."

"ಗೊತ್ತೈತಿ. ಕೇಳಿಟ್ಟಕಂತೀನಿ."